ಉಳಿದುಹೋದ ರಾತ್ರಿ ಮಾತ್ರೆ

ನಾನು ಒಂದು ಮಾತ್ರೆ. ಹೆಸರು ಕ್ಲೋನಿಡಿನ್. ಗಾತ್ರದಲ್ಲಿ ಕಡಲೆಬೇಳೆಯಷ್ಟಿದ್ದರೂ ಹಟದಲ್ಲಿ ಯಾರಿಗೂ ಕಮ್ಮಿಯಿಲ್ಲ. ಬರೀ ಪುಡಿಯಾಗಿದ್ದ ನನ್ನನ್ನು ಕಾರ್ಖಾನೆಯ ಯಂತ್ರವೊಂದು ಒಂದೇ ಗುದ್ದಿಗೆ ಮಾತ್ರೆ ಮಾಡಿ, ಒಡಹುಟ್ಟಿದ ಒಂಬತ್ತು ಮಂದಿಯ ಜೊತೆ ಬೆಳ್ಳಿಬಣ್ಣದ ಹಾಳೆಯಲ್ಲಿ ಕೂರಿಸಿ ಮುಚ್ಚಿತು. ಏರಿದ ರಕ್ತದೊತ್ತಡ ಇಳಿಸುವುದು ನಮ್ಮ ಕುಲಕಸುಬು. ಕೂತಲ್ಲಿ ಕೂರದ, ಒಂದರಲ್ಲೂ ಮನಸ್ಸು ನಿಲ್ಲದ ಮಕ್ಕಳಿಗೂ ನಮ್ಮನ್ನು ಕೊಡುತ್ತಾರೆ. ನಮ್ಮದು ಒಂದೇ ಷರತ್ತು: ಹಿಡಿದ ಮೇಲೆ ತಟ್ಟನೆ ಬಿಡಬಾರದು. ಬಿಟ್ಟರೆ ಇಳಿದ ಒತ್ತಡ ಮೊದಲಿಗಿಂತ ಮೇಲೆ ಜಿಗಿಯುತ್ತದೆ.

ಔಷಧಿ ಅಂಗಡಿಯಿಂದ ನಾನು ಬಂದದ್ದು ರಾಯಬಾಗದ ಚಂಪವ್ವನ ಮನೆಗೆ. ಅಲ್ಲಿ ನಮ್ಮನ್ನು ನುಂಗುವವರು ಇಬ್ಬರು. ಒತ್ತಡವಿದ್ದ ಚಂಪವ್ವನಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಹತ್ತು ವರ್ಷದ ಮೊಮ್ಮಗಳು ಸುಪ್ರಭಾಳಿಗೆ ಮಲಗುವಾಗ ಅರ್ಧ. ಒಂದು ಊಟದಲ್ಲಿ ಮೂರು ಸಲ ಎದ್ದು ಅಂಗಳ ನೋಡಿ ಬರುವ ಹುಡುಗಿ ಅವಳು. ಮಗ ಸೊಸೆ ಬಟ್ಟೆ ಅಂಗಡಿ ಮುಚ್ಚಿ ಬರುವುದು ತಡವಾದ್ದರಿಂದ ಆ ಅರ್ಧ ಮಾತ್ರೆಯ ಹೊಣೆ ಅಜ್ಜಿಯದು.

"ಒಂದಿನಾನೂ ತಪ್ಪಿಸಬಾರದು ನೋಡವ್ವಾ," ಎಂದು ದಿನಾ ಹೇಳಿಯೇ ಕೊಡುತ್ತಿದ್ದಳು.

ನಾನು ಅಜ್ಜಿಯ ರಾತ್ರಿಯ ಪಾಲು. ನನ್ನ ಸರದಿ ಬಂದಾಗ ಚಂಪವ್ವ ಹಾಳೆಯ ಸಮೇತ ನನ್ನನ್ನು ಇಡಿಯಾಗಿ ಕತ್ತರಿಸಿ ತೆಗೆದಳು, ಕಣ್ಣಿಗೊತ್ತಿಕೊಂಡಳು, ಖಾಲಿ ಕುಂಕುಮದ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟಳು! ಒಳಗೆ ನನಗಿಂತ ಮೊದಲೇ ಹನ್ನೊಂದು ಮಂದಿ ಕೂತಿದ್ದರು. ಚಂಪವ್ವ ಜೈನರವಳು. ಇಪ್ಪತ್ತರ ಹರೆಯದಲ್ಲಿ ಮುನಿಗಳ ಮುಂದೆ ನೇಮ ಹಿಡಿದವಳು: ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ಗುಟುಕು ನೀರೂ ಇಲ್ಲ. ನಲವತ್ತೆರಡು ವರ್ಷ ಅದನ್ನು ಮುರಿದಿರಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಡಬ್ಬಿಯಲ್ಲಿ ಉಪ್ಪಿನಕಾಯಿಯಾಗಲು ಹುಟ್ಟಿದವನೇ ನಾನು? ಬೆಳಗಿನ ಮಾತ್ರೆ ಇಳಿಸಿದ್ದನ್ನು ರಾತ್ರಿ ಮತ್ತೆ ಏರಿಸುತ್ತಿತ್ತು. ಡಾಕ್ಟರ್ ಹಿರೇಮಠರು ಕೇಳಿದರೆ ಮಾತ್ರ "ಬರೋಬ್ಬರಿ ತಗೋತೀನ್ರೀ" ಅನ್ನುತ್ತಿದ್ದಳಂತೆ. ನೇಮ ಬಿಡು ಅಂದಾರು ಎಂಬ ಅಂಜಿಕೆ. ಅವರೋ ನಂಬಿ ಮಾತ್ರೆಯ ಪ್ರಮಾಣ ಹೆಚ್ಚಿಸಿದರು.

ಒಂದು ಬೆಳಿಗ್ಗೆ ಚಂಪವ್ವ ಬಸದಿಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಾಗಿ ಕುಸಿದಳು. ಇನ್ನೊಮ್ಮೆ ಒತ್ತಡ ಹೀಗೆ ಏರಿದರೆ ಮೆದುಳಿನ ನರ ಒಡೆಯಬಹುದು ಎಂದು ಡಾಕ್ಟರು ಹೇಳಿ ಕಳಿಸಿದರು. ಅದೇ ಮಧ್ಯಾಹ್ನ, ಮನೆಯ ಯಾವ ಡಬ್ಬಿಯನ್ನೂ ಬಿಡದ ಸುಪ್ರಭಾ ನಮ್ಮದನ್ನೂ ತೆರೆದಳು. ಇಪ್ಪತ್ತಾರು ಮಂದಿ ಅವಳ ಮುಖ ನೋಡಿದೆವು.

"ಅಜ್ಜಿ, ಇವು ನಿನ್ನ ರಾತ್ರಿ ಗುಳಿಗಿ!"

"ಯಾರ ಮುಂದೂ ಹೇಳಬ್ಯಾಡವ್ವಾ. ನೇಮ ಮುರದು ಯಾವ ಮಾರಿ ಇಟ್ಕೊಂಡು ಬಸದಿಗೆ ಹೋಗ್ಲಿ?"

"ನನಗ ತಪ್ಪಿಸಬ್ಯಾಡ ಅಂತೀ. ನೀ ಸತ್ರ ನನಗ ಗುಳಿಗಿ ಕೊಡಾವ್ರು ಯಾರು?"

ಅಜ್ಜಿ ಡಬ್ಬಿಗೆ ಕೈ ಚಾಚಿದಳು. ಹುಡುಗಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಳು. "ನೀ ಡಾಕ್ಟರಿಗೆ ಹೇಳೂತನಾ ನಾ ಏಳಂಗಿಲ್ಲ."

ಗೆಳತಿಯರು ಬೀದಿಯಿಂದ ಕೂಗಿದರು. ಅವಳ ಮೊಣಕಾಲು ಕುಣಿಯಿತು, ನಾವು ಡಬ್ಬಿಯಲ್ಲಿ ಗಲಗಲ ಅಂದೆವು, ಆದರೆ ಅವಳು ಏಳಲಿಲ್ಲ. ಒಂದು ತಾಸು! ಚಂಪವ್ವ ನೋಡುತ್ತಲೇ ಇದ್ದಳು. ಕೊನೆಗೆ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಡಾಕ್ಟರು ನಮ್ಮನ್ನು ಮೇಜಿನ ಮೇಲೆ ಸುರುವಿಕೊಂಡು ತಲೆ ಚಚ್ಚಿಕೊಂಡರು. "ಹೊತ್ತು ಮುಳುಗೂ ಮೊದಲ ಒಂದು, ಬೆಳಗಾದ ಕೂಡ್ಲೇ ಒಂದು ತಗೋರಿ. ನಿಮ್ಮ ನೇಮಾನೂ ಉಳೀತೈತಿ, ನೀವೂ ಉಳೀತೀರಿ. ಇಷ್ಟು ಹೇಳಾಕ ಇಷ್ಟು ದಿನಾ ಬೇಕಾತೇನ್ರೀ?" ಹೆಚ್ಚಿಸಿದ್ದ ಪ್ರಮಾಣವನ್ನು ಮೊದಲಿನಷ್ಟಕ್ಕೇ ತಂದರು. ನಮ್ಮ ಹಾಳೆಯ ಬೆನ್ನ ಮೇಲೆ ಅವಧಿ ಮುಗಿಯುವ ತಾರೀಖು ನೋಡಿ, ಇವೂ ನಡೆಯುತ್ತವೆ ಅಂದರು.

ಈಗ ನಾನು ಚಂಪವ್ವನ ಅಂಗೈಯಲ್ಲಿದ್ದೇನೆ. ಹೆಚ್ಚು ಹೇಳಲು ಸಮಯವಿಲ್ಲ. ಸುಪ್ರಭಾ ಅಂಗಳದ ಕಟ್ಟೆ ಹತ್ತಿ ಪಡುವಣ ನೋಡುತ್ತಿದ್ದಾಳೆ.

"ಹೊತ್ತು ಇನ್ನೂ ಐತಿ ಅಜ್ಜಿ, ಲಗೂನ!"

ಲೋಟ ಮೇಲೇರಿತು. ಹೊರಟೆ. ರಾತ್ರಿಯಿಡೀ ಕೆಲಸವಿದೆ ನನಗೆ.