ರೂಬೆನ್ ಪೆನ್‌ಹೇಲನ ಬೆನ್ನು

ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಹಳಿಯನ್ನು ಗಾಡಿಚಕ್ರದ ಮೇಲೆ ಕೂರಿಸಿ, ಮೂರನೆಯ ಕೊಡ ನೀರು ಸುರಿಯುವಷ್ಟರಲ್ಲಿ ಮುದುಕ ರೂಬೆನ್ ಪೆನ್‌ಹೇಲ್ ಕುಸಿದುಬಿದ್ದ. ಕೊಡ ಉರುಳಿ, ನೀರು ಸುಡುವ ಮಣ್ಣಿನಲ್ಲಿ ಇಂಗಿಹೋಯಿತು.

"ಅಪ್ಪಾ!" ಮಗ ಜೊಸಾಯ ಇಕ್ಕಳ ಬಿಸಾಡಿ ಓಡಿದ.

ಜನವರಿಯ ನಡುಹಗಲು; ಭೂಮಿಯ ಈ ತೆಂಕಣ ಸೀಮೆಯಲ್ಲಿ ಅದು ನಡುಬೇಸಿಗೆ. ಮೂರು ದಿನದಿಂದ ಬಡಗಣ ಗಾಳಿ ಒಲೆಯ ಬಾಯಿಂದ ಬಂದಂತೆ ಬೀಸುತ್ತಿತ್ತು. ಈ ಸೆಕೆಯಲ್ಲೂ ಎಪ್ಪತ್ತರ ರೂಬೆನ್ ಉಣ್ಣೆಯ ಅಂಗಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡೇ ಕೆಲಸ ಮಾಡುವವನು. 'ಪೆನ್‌ಹೇಲ್ ತಾತ ಅಂಗಿ ತೊಟ್ಟೇ ಹುಟ್ಟಿದ್ದು' ಎಂದು ಊರವರು ನಗುತ್ತಿದ್ದರು.

ಜೊಸಾಯನಿಗೆ ಮಾತ್ರ ಕಾರಣ ಗೊತ್ತಿತ್ತು. ಏಳನೆಯ ವಯಸ್ಸಿನಲ್ಲಿ ಬಾಗಿಲ ಸಂದಿಯಿಂದ ಅಪ್ಪನ ಬರಿಬೆನ್ನು ಕಂಡಿದ್ದ. ಅವ್ವ ಅವನ ಬಾಯಿ ಒತ್ತಿಹಿಡಿದು, "ನೀನೇನೂ ನೋಡಿಲ್ಲ. ಬಾಯಿಬಿಟ್ರೆ ಅಪ್ಪನ್ನ ಮತ್ತೆ ಹಡಗು ಹತ್ತಿಸ್ತಾರೆ" ಎಂದಿದ್ದಳು. ಮೂವತ್ತಮೂರು ವರ್ಷ ಅವನು ಬಾಯಿಬಿಟ್ಟಿರಲಿಲ್ಲ. ತೀರಿಹೋದ ಹೆಂಡತಿಗೂ ಹೇಳಿರಲಿಲ್ಲ, ಮಗಳು ಲವ್‌ಡೇಗೂ ಹೇಳಿರಲಿಲ್ಲ.

ಆ ಹೊತ್ತಿಗೆ ಬೀಗಿತ್ತಿಯಾಗಲಿದ್ದ ತೊಮಸೀನ್ ಟ್ರೆಗೆನ್ಸಾ ಜಗಲಿಯ ಮೇಲೆ ಕುಳಿತಿದ್ದಳು. ಅವಳ ಗಂಡ ಊರಿನ ಪ್ರಾರ್ಥನಾಮಂದಿರದ ಬೋಧಕ. ಮಗ ಹೆಡ್ಲಿಗೂ ಲವ್‌ಡೇಗೂ ಮದುವೆಯ ದಿನ ಗೊತ್ತುಮಾಡಲು ಬಂದವಳು, ಈಗಷ್ಟೇ ಚಹಾ ಕುಡಿಯುತ್ತ ಹೇಳಿದ್ದಳು: "ನಮ್ಮ ಸೀಮೆ ಪುಣ್ಯ ನೋಡಿ, ಬೇಡಿ ಹಾಕಿ ಹಡಗಲ್ಲಿ ಸಾಗಿಸಿದ ಕೈದಿಗಳು ಇಲ್ಲಿಗೆ ಬರಲಿಲ್ಲ. ನನ್ನ ತಂಗಿ ಮಗ ಆ ಕೈದಿಗಳ ನಾಡು ಟ್ಯಾಸ್ಮೇನಿಯಾದೋಳನ್ನ ಮದುವೆಯಾಗಿ ತರ್ತೀನಿ ಅಂದ. ಹೊಸಲು ದಾಟಿಸಲಿಲ್ಲ ನಾವು."

ಜೊಸಾಯ ಅಪ್ಪನನ್ನು ಹೊತ್ತು ತಂದು ಅದೇ ಜಗಲಿಯ ನೆರಳಿನಲ್ಲಿ ಮಲಗಿಸಿದ. ಮುದುಕನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಒಂದು ಹನಿ ಬೆವರಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು.

"ಬಿಸಿಲು ಬಡಿದಿದೆ. ಅಂಗಿ ಬಿಚ್ರಿ, ಮೈಗೆಲ್ಲ ನೀರು ಹಾಕ್ಬೇಕು," ಎನ್ನುತ್ತ ತೊಮಸೀನ್ ಎದ್ದು ಬಂದಳು.

"ಬೇಡ." ಜೊಸಾಯ ಅಪ್ಪನ ಕಾಲರಿನ ಮೇಲೆ ಕೈಯಿಟ್ಟ. "ಅಂಗಿ ಮೇಲೇ ಸುರೀತೀನಿ."

"ಈ ಕಂಬಳಿಯಂಥ ಅಂಗಿ ಮೇಲಾ? ನಮ್ಮ ಕುರಿ ಕತ್ತರಿಸೋನು ಹೋದ ವರ್ಷ ಹೀಗೇ ಸತ್ತ. ಕೈ ತೆಗೀರಿ!"

ಅವನ ಕೈ ಅಲ್ಲಾಡಲಿಲ್ಲ. ಬೆರಳುಗಳ ಕೆಳಗೆ ಅಪ್ಪನ ಕತ್ತಿನ ನಾಡಿ ಹುಚ್ಚುಹುಚ್ಚಾಗಿ ಓಡುತ್ತಿತ್ತು. ಇವಳೊಬ್ಬಳು ಆಚೆ ಹೋದರೆ ಸಾಕು, ಒಂದೇ ಗಳಿಗೆ ಸಾಕು ಎಂದುಕೊಂಡ.

"ಅಮ್ಮಾವ್ರೇ, ನೀವು ಒಳಗೆ ಹೋಗಿ..."

"ನಾಲ್ಕು ಗಂಡುಮಕ್ಕಳನ್ನ ಹೆತ್ತೋಳಿಗೆ ಗಂಡಸಿನ ಮೈ ಹೊಸದಾ?"

"ಅಪ್ಪಾ, ತಾತ ಸಾಯ್ತಿದ್ದಾನೆ," ಲವ್‌ಡೇ ಕಿರುಚಿದಳು. "ಏನಾಗಿದೆ ನಿನಗೆ?"

ಗೊರಗೊರ ಸದ್ದು ನಿಂತಿತು. ಮತ್ತೆ ಎಳೆದುಕೊಂಡಿತು. ಜೊಸಾಯ ಸೊಂಟದ ಚಾಕು ತೆಗೆದು, ಕತ್ತಿನಿಂದ ಕೆಳಗಿನವರೆಗೆ ಅಂಗಿ ಸೀಳಿ, ಅಪ್ಪನನ್ನು ಮಗ್ಗುಲಿಗೆ ಹೊರಳಿಸಿದ.

ಬೆನ್ನಿನಲ್ಲಿ ಬೆನ್ನೆಂಬುದೇ ಇರಲಿಲ್ಲ. ಭುಜದಿಂದ ಸೊಂಟದವರೆಗೆ ಚರ್ಮ ಉತ್ತು ಬಿಟ್ಟ ಹೊಲದಂತೆ ಗೆರೆಗೆರೆಯಾಗಿ ಗಂಟುಕಟ್ಟಿತ್ತು. ಹಾಗೆ ಮಾಡುವುದು ಯಾವ ಚಾವಟಿ, ಎಲ್ಲಿಯದು ಎಂಬುದು ಆ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತೊಮಸೀನಳ ಕೈಯಲ್ಲಿದ್ದ ಒದ್ದೆಬಟ್ಟೆ ಗಾಳಿಯಲ್ಲೇ ನಿಂತಿತು. ಲವ್‌ಡೇ ಒಬ್ಬಳೇ ನೀರು ಹೊತ್ತು ಹೊತ್ತು ತಂದು ಸುರಿದಳು.

ಬಹಳ ಹೊತ್ತಾದ ಮೇಲೆ ಮುದುಕ ಕಣ್ಣುಬಿಟ್ಟ. ಮೊದಲು ಅವನ ಕೈ ಕತ್ತಿನ ಗುಂಡಿಗಾಗಿ ತಡಕಾಡಿತು.

"ಯಾರು ನೋಡಿದ್ರು?"

"ಎಲ್ರೂ, ಅಪ್ಪಾ."

ರೂಬೆನ್ ಗೋಡೆಯ ಕಡೆ ಮುಖಮಾಡಿ ಹೇಳಿದ. ಕಡಲಾಚೆಯ ಹುಟ್ಟುನಾಡು ವಿಲ್ಟ್‌ಷೈರಿನಲ್ಲಿ ಒಂದು ಚಳಿಗಾಲ. ತೆನೆ ಬಡಿಯುವ ಯಂತ್ರ ಬಂದು ಕೂಲಿಯವರ ಒಲೆಗಳು ಆರಿದ್ದವು. "ಅದನ್ನ ಸುತ್ತಿಗೇಲಿ ಒಡೆದ್ವಿ. ಏಳು ವರ್ಷ ಅಂದ್ರು, ಹಡಗು ಹತ್ತಿಸಿ ಟ್ಯಾಸ್ಮೇನಿಯಾಕ್ಕೆ ಅಟ್ಟಿದ್ರು. ಅಲ್ಲಿ ಜೊತೆಯವನಿಗೆ ರೊಟ್ಟಿ ಕೊಟ್ಟೆ ಅಂತ ಈ ಬೆನ್ನು. ತಿಮಿಂಗಿಲ ಬೇಟೆಯೋರ ದೋಣಿ ಹತ್ತಿ ಓಡಿಬಂದೆ. ದಾರೀಲಿ ಮುಳುಗಿದೋನ ಹೆಸರು ಪೆನ್‌ಹೇಲ್. ಅವನಿಗಿನ್ನು ಬೇಕಿರಲಿಲ್ಲ, ನಾನಿಟ್ಕೊಂಡೆ." ಮುಖ ಈಚೆ ತಿರುಗಿಸಿ, "ಹುಡುಗಿಗೆ ಗೊತ್ತಿರಲಿಲ್ಲ, ಅಮ್ಮಾವ್ರೇ" ಎಂದ.

ತೊಮಸೀನ್ ಬಟ್ಟೆಯನ್ನು ಹಿಂಡಿ ಜಗಲಿಯ ಅಡ್ಡಕಂಬಿಯ ಮೇಲೆ ಹರವಿದಳು. ಮದುವೆಯ ಮಾತೆತ್ತದೆ ಗಾಡಿ ಹತ್ತಿ ಹೋದಳು.

ಬುಧವಾರದ ಸಂಜೆ ತಪ್ಪದೆ ಬರುತ್ತಿದ್ದ ಹೆಡ್ಲಿ ಬರಲಿಲ್ಲ. ಗುರುವಾರ ರಿಪೇರಿಗೆ ಬಿಟ್ಟಿದ್ದ ನೇಗಿಲನ್ನು ಒಬ್ಬ ಹಾಗೇ ವಾಪಸ್ ಒಯ್ದ. ರಸ್ತೆಯಲ್ಲಿ ಧೂಳೆದ್ದಾಗಲೆಲ್ಲ ಜೊಸಾಯ ಉಳಿ ಕೆಳಗಿಟ್ಟು ನೋಡುತ್ತಿದ್ದ, ಪೊಲೀಸಿನವನೋ, ಹೆಡ್ಲಿಯೋ. ಲವ್‌ಡೇ ಅಳಲಿಲ್ಲ, ಊಟವನ್ನೂ ಮಾಡಲಿಲ್ಲ.

ಭಾನುವಾರ ಮುದುಕ, "ಇವತ್ತು ಹೋಗೋದು ಬೇಡ್ರೋ" ಎಂದ.

"ಹೋಗದಿದ್ರೆ ಇನ್ಯಾವತ್ತೂ ಹೋಗಲ್ಲ. ಏಳು ತಾತ," ಎಂದಳು ಲವ್‌ಡೇ.

ಮಂದಿರದಲ್ಲಿ ಅವರು ಕೂತ ಬೆಂಚಿಗೆ ಯಾರೂ ಬರಲಿಲ್ಲ, ಮುಂದಿನದಕ್ಕೂ ಬರಲಿಲ್ಲ. ಬೋಧಕ ಟ್ರೆಗೆನ್ಸಾ ನೇರ ವೇದಿಕೆಗೆ ನಡೆದ. ಅವನ ಹಿಂದೆ ತೊಮಸೀನ್, ನೆಲ ನೋಡುತ್ತ ಹೆಡ್ಲಿ. ಅವಳು ನಡುದಾರಿಯಲ್ಲಿ ನಿಂತಳು. ಪಿಸುಮಾತುಗಳು ನಿಂತವು.

"ಸ್ವಲ್ಪ ಆಚೆ ಸರೀರಿ, ಹಿರಿಯರೇ. ನಾವಿಬ್ರು ಕೂರ್ಬೇಕು." ದನಿ ಎಂದಿನಂತೆಯೇ ಒರಟು.

ಮುದುಕ ಸರಿದ. ಹಾಡು ಶುರುವಾದಾಗ ಅವಳು ಪುಸ್ತಕ ಬಿಡಿಸಿ ಇಬ್ಬರ ನಡುವೆ ಹಿಡಿದಳು. ರೂಬೆನನಿಗೆ ಓದು ಬರುತ್ತಿರಲಿಲ್ಲ. ಆದರೂ ಒಂದು ತುದಿಯನ್ನು ಎರಡು ಬೆರಳಿನಿಂದ ಹಿಡಿದುಕೊಂಡ.