ಓದದೆ ಬಿಟ್ಟ ಐದು ಸಾಲು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹಾಸನದಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಇಪ್ಪತ್ತು ವರ್ಷ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹುಡುಗರ ಜೊತೆ ಹೆಣಗಿದವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ ಎಂದು ನಾನು ವಾದಿಸುತ್ತಿದ್ದೆ. 2009ರ ಜುಲೈ ತಿಂಗಳ ಆ ಹತ್ತು ದಿನ ಕಳೆದ ಮೇಲೆ ಆ ವಾದ ಬಿಟ್ಟಿದ್ದೇನೆ.

ನನ್ನ ಹೆಂಡತಿ ಪ್ರೇಮಕುಮಾರಿ ದುದ್ದದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಚಿಕ್ಕಂದಿನಲ್ಲಿ ಬರೀ ಇರುಳುಗುರುಡು ಎಂದುಕೊಂಡಿದ್ದದ್ದು ವರ್ಷವರ್ಷವೂ ಕಣ್ಣಿನ ಅಂಚಿನಿಂದ ಒಳಕ್ಕೆ ಸರಿಯುತ್ತಾ ಬಂದು, 2006ರ ಹೊತ್ತಿಗೆ ಅವಳಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣದಾಯಿತು. ಹೆಡ್‌ಮಾಸ್ಟರು ಒಳ್ಳೆಯವರು. ಹತ್ತನೇ ತರಗತಿ ಬಿಟ್ಟು ಎಂಟನೆಯದು ತೆಗೆದುಕೊಳ್ಳಿ, ಭಾರ ಕಮ್ಮಿಯಾಗುತ್ತದೆ ಎಂದರು. ಇವಳು ಒಪ್ಪಲಿಲ್ಲ. ಹತ್ತನೇ ತರಗತಿಗೆ ಹಳಗನ್ನಡ ಪದ್ಯ ಬಿಡಿಸಿ ಹೇಳುವುದೆಂದರೆ ಅವಳಿಗೆ ಜೀವ. ಅದೊಂದು ಹೋದರೆ ತಾನು ಹೋದ ಹಾಗೆಯೇ ಎಂದು ನನ್ನೆದುರು ಒಮ್ಮೆ ಅತ್ತಿದ್ದಳು.

ನಾನು ಮನೆಗೊಂದು ಕಂಪ್ಯೂಟರ್ ತಂದದ್ದು ಆ ಅಳುವಿನ ಮೇಲೆ. ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಹಾಕಿ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನು ಕೂರಿಸಿದೆ. ಪಾಠಗಳನ್ನು ಸಂಜೆ ನಾನು ಟೈಪು ಮಾಡಿಕೊಟ್ಟರೆ ಯಂತ್ರ ಅವಳಿಗೆ ಓದಿ ಹೇಳುತ್ತಿತ್ತು. ಟಿಪ್ಪಣಿ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಅವಳೇ ಬೆರಳ ನೆನಪಿನಲ್ಲಿ ಟೈಪು ಮಾಡುತ್ತಿದ್ದಳು. ಮೊದಮೊದಲು ಆ ದನಿಗೆ ಒತ್ತಕ್ಷರ ಬರುತ್ತಿರಲಿಲ್ಲ, ಳಕಾರವಂತೂ ಕೇಳಲೇಬೇಡಿ. ಆದರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಅದನ್ನು ತಿಂಗಳು ತಿಂಗಳೂ ತಿದ್ದುತ್ತಿದ್ದರು. ತಿದ್ದಿದ್ದು ಬೇಗ ಮನೆಗೆ ಬರಲಿ ಎಂದೇ ನಾನು ಆ ಜಾತಿಯ ಲಿನಕ್ಸ್ ಆರಿಸಿದ್ದು. ಅದಕ್ಕೆ ಈ ವರ್ಷದ್ದು, ಮುಂದಿನ ವರ್ಷದ್ದು ಎಂಬ ಆವೃತ್ತಿಗಳಿಲ್ಲ. ಒಮ್ಮೆ ಹಾಕಿದರೆ ಆಯಿತು, ಆಮೇಲೆ ಚೂರುಚೂರಾಗಿ ಹೊಸದಾಗುತ್ತಲೇ ಹೋಗುತ್ತದೆ. ಅದರ ಒಂದೇ ಹಟವೆಂದರೆ ಬಿಡದೆ ಅಪ್‌ಡೇಟ್ ಮಾಡುತ್ತಿರಬೇಕು, ಮಾಡುವ ಮೊದಲು ಅದರ ಜಾಲತಾಣದಲ್ಲಿ ಹಾಕಿರುವ ಪ್ರಕಟಣೆ ಓದಬೇಕು. ಎಲ್ಲೋ ಒಂದೊಂದು ಸಲ, ಇಂಥ ಭಾಗ ಬದಲಾಗಿದೆ, ಇಷ್ಟನ್ನು ನೀವೇ ಕೈಯಾರೆ ಮಾಡಿಕೊಳ್ಳಿ ಎಂದು ಬರೆದಿರುತ್ತಾರೆ. ಓದದೆ ಮುಂದುವರಿದರೆ ಯಂತ್ರ ಕೈಕೊಡುತ್ತದೆ.

ಭಾನುವಾರ ತಿಂಡಿಯಾದ ಮೇಲೆ ನಮ್ಮ ಮನೆಯಲ್ಲಿ ಅದೇ ಕೆಲಸ. ನಾನು ಪ್ರಕಟಣೆಯನ್ನು ಕನ್ನಡ ಮಾಡಿ ಓದುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಲೋ ಹುರುಳಿಕಾಯಿ ನಾರು ತೆಗೆಯುತ್ತಲೋ ಕೇಳುತ್ತಿದ್ದಳು. ಆಮೇಲೆ ನಾನು ಪಾಸ್‌ವರ್ಡ್ ಕೊಟ್ಟು ಅಪ್‌ಡೇಟ್ ಶುರು ಮಾಡುತ್ತಿದ್ದೆ. ಆ ಪಾಸ್‌ವರ್ಡ್ ನನ್ನೊಬ್ಬನಿಗೇ ಗೊತ್ತಿತ್ತು. ಅವಳು ಎರಡು ಸಲ ಕೇಳಿದ್ದಳು, ನಿನಗ್ಯಾಕೆ ಆ ತಲೆನೋವು ಎಂದು ಮಾತು ತೇಲಿಸಿದ್ದೆ. ಮಾರ್ಚಿನ ಒಂದು ಭಾನುವಾರ ಆ ದನಿ ಇದ್ದಕ್ಕಿದ್ದಂತೆ ಒತ್ತಕ್ಷರವನ್ನೆಲ್ಲ ಸರಿಯಾಗಿ ಓದಿಬಿಟ್ಟಿತು. ಪ್ರೇಮ ಕೈಯಲ್ಲಿದ್ದ ಮೊರ ಕೆಳಗಿಟ್ಟು ನಕ್ಕಳು. ನೋಡಿದೆಯಾ ನನ್ನ ಕೈಚಳಕ ಎಂದು ನಾನೂ ಬೀಗಿದೆ. ಯಾರೋ ದುಡಿದದ್ದಕ್ಕೆ ನಾನು ಬೀಗುವುದು ಹೊಸದೇನಲ್ಲ.

ಜುಲೈನ ಆ ಭಾನುವಾರ ಚನ್ನರಾಯಪಟ್ಟಣದಲ್ಲಿ ನಮ್ಮಕ್ಕ ಬಸವಲಿಂಗಮ್ಮನ ಮೊಮ್ಮಗುವಿಗೆ ನಾಮಕರಣವಿತ್ತು. ಹತ್ತು ಗಂಟೆಯ ಬಸ್ಸು ಹಿಡಿಯಬೇಕು. ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ನಿಂತುಕೊಂಡು ಅಪ್‌ಡೇಟ್ ಶುರು ಮಾಡಿದೆ.

“ಇವತ್ತು ಓದಲ್ವಾ?” ಎಂದಳು ಪ್ರೇಮ, ಬಾಗಿಲ ಹತ್ತಿರ ನಿಂತು.

“ಏನೂ ಇಲ್ಲ ಬಾ. ಬಸ್ ಓಯ್ತದೆ.”

ಏನೂ ಇಲ್ಲವೋ ಇದೆಯೋ ನನಗೆ ಗೊತ್ತಿರಲಿಲ್ಲ, ತಾಣವನ್ನೇ ತೆರೆದಿರಲಿಲ್ಲ. ಹೂಂ ಎಂದು ಒತ್ತಿದೆ. ಎಲ್ಲ ಇಳಿಯಿತು, ಎಲ್ಲ ಕೂತಿತು. ರಾತ್ರಿ ವಾಪಸು ಬಂದಾಗ ದನಿ ಎಂದಿನಂತೆ ಮಾತಾಡುತ್ತಿತ್ತು. ಸೋಮವಾರ, ಮಂಗಳವಾರವೂ ಮಾತಾಡಿತು. ಯಂತ್ರವನ್ನು ನಾವು ರಾತ್ರಿಯೂ ಆರಿಸುತ್ತಿರಲಿಲ್ಲ.

ಬುಧವಾರ ಸಂಜೆ ನಾನು ಬರುವ ಹೊತ್ತಿಗೆ ಮನೆಯಲ್ಲಿ ಅನಸೂಯಮ್ಮ ಇದ್ದರು. ಅವರು ಅದೇ ಶಾಲೆಯ ವಿಜ್ಞಾನದ ಟೀಚರು, ದಿನವೂ ಪ್ರೇಮಳ ಜೊತೆ ದುದ್ದದ ಬಸ್ಸಿನಲ್ಲಿ ಹೋಗಿ ಬರುವವರು. ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು, ಹಣೆಯಲ್ಲಿ ಬೆವರು. ಮಧ್ಯಾಹ್ನ ಕರೆಂಟು ಹೋಗಿ, ಯುಪಿಎಸ್ಸೂ ಮುಗಿದು, ಯಂತ್ರ ಆರಿತ್ತು. ಮತ್ತೆ ಹಾಕಿದರೆ ಶಬ್ದವೇ ಇಲ್ಲ. ಅರ್ಧ ಗಂಟೆಯಿಂದ ಒಂದೊಂದೇ ಕೀಲಿ ಒತ್ತಿ ನೋಡುತ್ತಿದ್ದಳಂತೆ.

“ನಾನೇ ಏನೋ ಮಾಡ್ಬುಟ್ಟೆ ಅನ್ಸುತ್ತೆ ಕಣ್ರೀ,” ಎಂದಳು. “ಬೆಳಿಗ್ಗೆ ಆ ಸೆಟ್ಟಿಂಗ್ ಒಳಕ್ಕೋಗಿ ದನಿ ಸ್ವಲ್ಪ ಜೋರಾಗಿ ಓಡೋ ಅಂಗೆ ಮಾಡಿದ್ದೆ. ನಾನೇ ಉಡುಕ್ದೆ. ನೀವು ಬಂದ್ಮೇಲೆ ತೋರ್ಸಾನ ಅಂತಿದ್ದೆ.”

ಅಂದು ಲ್ಯಾಬಿನಲ್ಲಿ ಏನೋ ರಗಳೆಯಾಗಿತ್ತು, ಅದನ್ನು ತಲೆಯಲ್ಲಿ ಹೊತ್ತುಕೊಂಡೇ ಬಂದಿದ್ದೆ. ಅದು ನೆಪವಲ್ಲ, ಸುಮ್ಮನೆ ಹೇಳುತ್ತಿದ್ದೇನೆ. ಬಾಯಿಗೆ ಬಂದದ್ದು ಇದು: “ಕಣ್ ಕಾಣ್ದೋರು ಕಣ್ ಕಾಣ್ದೋರ್ ತರ ಇರ್ಬೇಕು. ಸಿಕ್ಸಿಕ್ಕಿದ್ನೆಲ್ಲ ತಡಕಾಡಿ ಕೆಡ್ಸಾಕ್ತಾರಾ?”

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಅವಳ ಕಣ್ಣನ್ನು ನಾನು ಹಾಗೆ ಎತ್ತಿ ಆಡಿರಲಿಲ್ಲ. ಅನಸೂಯಮ್ಮ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು, ಬತ್ತೀನಿ ಸಾ ಎಂದು ಎದ್ದುಹೋದರು. ಪ್ರೇಮ ತಪ್ಪಾಯಿತು ಎಂದಳು. ಅವಳೇ ಹಾಗೆ ಒಪ್ಪಿಕೊಂಡದ್ದು ನೋಡಿ ನನಗೆ ಇನ್ನೂ ಧೈರ್ಯ ಬಂದು, ಮತ್ತೂ ನಾಲ್ಕು ಮಾತಾಡಿದೆ.

ಗುರುವಾರ ನಾನು ದನಿಯ ವೇಗವನ್ನು ಹಿಂದಿನಂತೆ ಮಾಡಿ ನೋಡಿದೆ, ತಂತಿ ಕಿತ್ತು ಹಾಕಿ ನೋಡಿದೆ. ಏನೂ ಆಗಲಿಲ್ಲ. ಆ ಮೂರು ದಿನ ಅವಳು ಯಂತ್ರದ ಹತ್ತಿರ ಸುಳಿಯಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಅನಸೂಯಮ್ಮನಿಂದಲೇ ಪಾಠ ಓದಿಸಿಕೊಂಡು ಹೋದಳು. ಮನೆಯಲ್ಲಿ ಒಲೆ ಹಚ್ಚುವ ಮುನ್ನ ಎರಡೆರಡು ಸಲ ಗುಂಡಿ ಮುಟ್ಟಿ ನೋಡತೊಡಗಿದಳು. ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಎಂದು ನನ್ನನ್ನು ಕೇಳಿದಳು. ಎರಡನ್ನೂ ಹದಿನೆಂಟು ವರ್ಷದಿಂದ ಅಲ್ಲೇ ಇಟ್ಟವಳು ಅವಳೇ.

ಭಾನುವಾರ ನಾನು ಕೂತೆ. ಪಕ್ಕದಲ್ಲಿ ಅವಳು ಬಂದು ಕೂತಳು, ಈ ಸಲ ಕೈಯಲ್ಲಿ ಮೊರವಿರಲಿಲ್ಲ.

“ಮೊದ್ಲು ಪ್ರಕಟಣೆ ಓದಿ,” ಎಂದಳು. “ಅದ್ರಲ್ಲೇನಾದ್ರೂ ಇದ್ರೆ?”

ತಾಣ ತೆರೆದೆ. ಎಲ್ಲಕ್ಕಿಂತ ಮೇಲೆ, ಎಂಟು ದಿನದ ಹಿಂದಿನ ಶನಿವಾರದ ತಾರೀಖು ಹಾಕಿ ಐದು ಸಾಲು. ಶಬ್ದಕ್ಕೆ ಸಂಬಂಧಿಸಿದ ಭಾಗವನ್ನು ಎರಡಾಗಿ ಒಡೆದಿದ್ದೇವೆ. ಎರಡನೆಯ ತುಂಡು ತಾನಾಗಿ ಬರುವುದಿಲ್ಲ. ಅಪ್‌ಡೇಟ್ ಮಾಡುವ ಮೊದಲು ಅದನ್ನು ಕೈಯಾರೆ ಹಾಕಿಕೊಳ್ಳಿ. ಹಾಕಿಕೊಳ್ಳದಿದ್ದರೂ ಆ ಕ್ಷಣಕ್ಕೆ ತೊಂದರೆ ಕಾಣದು. ಮುಂದಿನ ಸಲ ಯಂತ್ರ ಆರಿ ಹೊತ್ತಿಕೊಂಡಾಗ ಶಬ್ದ ಇರುವುದಿಲ್ಲ.

ನಾನು ಅದನ್ನು ಎರಡು ಸಲ ಓದಿದೆ, ಮನಸ್ಸಿನೊಳಗೆ.

“ಏನೈತೆ?” ಎಂದಳು.

“ಏನಿಲ್ಲ. ಇದಕ್ಕೆ ಸಂಬಂಧ ಇರೋದು ಯಾವ್ದೂ ಇಲ್ಲ.”

ಪಕ್ಕದಲ್ಲೇ ಕೂತವಳಿಗೆ ಕಾಣುವುದಿಲ್ಲ ಎಂಬ ಒಂದೇ ಬಲದ ಮೇಲೆ ನಾನು ಅಷ್ಟು ದೊಡ್ಡ ಸುಳ್ಳು ಹೇಳಿದೆ. ಕಣ್ಣಿದ್ದವರಿಗೆ ಹೇಳಲು ಆಗುತ್ತಿರಲಿಲ್ಲ. ಆ ಎರಡನೆಯ ತುಂಡನ್ನು ತರಿಸಿ ಹಾಕಿದೆ. ಯಂತ್ರ ಆರಿಸಿ ಹೊತ್ತಿಸಿದೆ. ದನಿ ಬಂತು.

ಪ್ರೇಮ ಎರಡೂ ಕೈ ಜೋಡಿಸಿದಳು. “ನಾನೇನ್ ತಪ್ಪು ಮಾಡಿದ್ದೆ ಅಂತ ಯೋಳ್ಬುಡಿ. ಇನ್ನೊಂದ್ಸಲ ಆಗ್ದಂಗೆ ನೋಡ್ಕತೀನಿ,” ಎಂದಳು.

ಆಗಲಾದರೂ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬುಧವಾರದ ಆ ಮಾತನ್ನು ನುಂಗಿ ವಾಪಸು ತೆಗೆದುಕೊಳ್ಳುವಷ್ಟು ಗಂಡಸುತನ ನನ್ನಲ್ಲಿರಲಿಲ್ಲ.

“ಆ ವೇಗದ ಸೆಟ್ಟಿಂಗೇ. ಅದ್ನ ಮುಟ್ಬೇಡ ಅಷ್ಟೆ,” ಎಂದೆ.

“ಆಯ್ತು,” ಎಂದಳು.

ಮಂಗಳವಾರ ಸಂಜೆ ನಾನು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ತಪ್ಪು ಮುಚ್ಚಿಟ್ಟ ಗಂಡಸರು ಮನೆಗೆಲಸಕ್ಕೆ ಕೈ ಹಾಕುತ್ತಾರೆ, ನಾನೂ ಹಾಕಿದ್ದೆ. ನಡುಮನೆಯಲ್ಲಿ ಅವಳು ಏನೋ ಟೈಪು ಮಾಡುತ್ತಿದ್ದಳು. ಅವಳು ಒಂದೊಂದು ಪದ ಮುಗಿಸಿದಾಗಲೂ ಯಂತ್ರ ಅದನ್ನು ಓದಿ ಹೇಳುತ್ತಿತ್ತು, ಆ ನಿಧಾನದ ಹಳೆಯ ವೇಗದಲ್ಲಿ. ಮಾನ್ಯರೇ, ಎಂದಿತು. ಇತ್ತೀಚೆಗೆ. ನನ್ನ. ಕೈಯಿಂದ. ತಪ್ಪುಗಳಾಗುತ್ತಿದ್ದು. ಅವು. ಆದದ್ದು. ನನಗೆ. ತಿಳಿಯುವುದೂ. ಇಲ್ಲವಾದ್ದರಿಂದ. ನಾನು ತುರಿಯುವುದು ನಿಲ್ಲಿಸಿದೆ. ಹತ್ತನೇ. ತರಗತಿಯ. ಕನ್ನಡವನ್ನು. ಬೇರೆಯವರಿಗೆ. ವಹಿಸಬೇಕೆಂದು.

ಹೆಡ್‌ಮಾಸ್ಟರು ಮೂರು ವರ್ಷದಿಂದ ಹೇಳಿ ಸೋತದ್ದನ್ನು ಅವಳು ತಾನಾಗಿಯೇ ಬಿಡುತ್ತಿದ್ದಳು. ಕಣ್ಣು ಹೋದಾಗ ಹೋಗದೆ ಇದ್ದ ಧೈರ್ಯವನ್ನು ನಾನು ಒಂದು ವಾರದಲ್ಲಿ ತೆಗೆದಿದ್ದೆ. ಕೈ ಒರೆಸಿಕೊಳ್ಳುವುದಕ್ಕೂ ನಿಲ್ಲದೆ ಹೋಗಿ ಅವಳ ಪಕ್ಕದಲ್ಲಿ ಕೂತೆ.

“ಸ್ವಲ್ಪ ಸರಿ. ಒಂದು ಓದ್ಬೇಕು.”

ತಾಣ ತೆರೆದು ಆ ಐದು ಸಾಲನ್ನು ಕನ್ನಡ ಮಾಡಿ ಓದಿದೆ. ಯಾವುದನ್ನೂ ಬಿಡಲಿಲ್ಲ. ತಾರೀಖನ್ನೂ ಓದಿದೆ.

ಅವಳು ಬೆರಳಲ್ಲಿ ದಿನ ಎಣಿಸಿದಳು. ನಾನು ನೆಲ ನೋಡುತ್ತಿದ್ದೆ.

“ಶನಿವಾರದ್ದು,” ಎಂದಳು. “ನಾವು ನಾಮಕರಣಕ್ಕೋಗಿದ್ದು ಮಾರ್ನೇ ದಿನ.”

“ಹೂಂ.”

“ಓದಲ್ವಾ ಅಂತ ಕೇಳ್ದೆ.”

“ಕೇಳ್ದೆ.”

“ಮೊನ್ನೆ ಭಾನುವಾರ ಇದು ಕಾಣಿಸ್ತಾ ನಿಮ್ಗೆ?”

ಇಲ್ಲ ಎನ್ನಲು ಅಲ್ಲೂ ಜಾಗವಿತ್ತು. ಇವತ್ತಷ್ಟೇ ಕಂಡೆ ಎಂದರೆ ಅವಳು ನಂಬುತ್ತಿದ್ದಳು.

“ಕಾಣಿಸ್ತು,” ಎಂದೆ. “ಬೇಕೂಂತಲೇ ಓದ್ಲಿಲ್ಲ. ವೇಗದ ಸೆಟ್ಟಿಂಗ್ ಅಂದಿದ್ದೂ ಸುಳ್ಳು. ನೀನು ಏನೂ ಕೆಡಿಸಿಲ್ಲ ಪ್ರೇಮ.”

ಅವಳು ಅಳುತ್ತಾಳೆ ಎಂದುಕೊಂಡೆ, ಇಲ್ಲ ಬೈಯುತ್ತಾಳೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಬರೆಯುತ್ತಿದ್ದ ಪತ್ರವನ್ನು ಮುಚ್ಚಿದಳು. ಉಳಿಸಬೇಕೆ ಎಂದು ಯಂತ್ರ ಕೇಳಿತು. ಬೇಡ ಎಂದು ಒತ್ತಿದಳು.

“ಪಾಸ್‌ವರ್ಡ್ ಯೋಳಿ.”

ಹೇಳಿದೆ. ಅವಳು ಅದನ್ನು ಎರಡು ಸಲ ಬೆರಳಿನಲ್ಲಿ ಆಡಿಸಿ ಗಟ್ಟಿ ಮಾಡಿಕೊಂಡಳು.

“ಭಾನುವಾರ ಇನ್ಮೇಲೆ ನಾನೇ ಕೂತ್ಕತೀನಿ. ಇಂಗ್ಲೀಷ್ನಲ್ಲಿದ್ರೂ ಅದೇ ಓದುತ್ತೆ, ನಂಗರ್ಥ ಆಗುತ್ತೆ. ನೀವು ಅವರೆಕಾಯಿ ಬಿಡ್ಸಿ.” ಆಮೇಲೆ ಅದೇ ದನಿಯಲ್ಲಿ, “ಅವತ್ತು ಅಂದಿದ್ದು ಅನಸೂಯಮ್ಮನ ಮುಂದೆ. ಇದ್ನೂ ಅವ್ರ ಮುಂದೇನೇ ಓದ್ಬೇಕು,” ಎಂದಳು.

ಬುಧವಾರ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಲು ನಾನೂ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ದುದ್ದದ ಬಸ್ಸು ಬರುವ ಕಡೆ ಅನಸೂಯಮ್ಮ ನಿಂತಿದ್ದರು. ಸುತ್ತ ಹಾಲಿನ ಕ್ಯಾನಿನವರು, ಕಾಲೇಜು ಹುಡುಗಿಯರು. ನಾನು ರಾತ್ರಿ ಬರೆದಿಟ್ಟುಕೊಂಡಿದ್ದ ಕಾಗದವನ್ನು ಜೇಬಿನಿಂದ ತೆಗೆದು ಐದು ಸಾಲನ್ನೂ ಓದಿದೆ. ಅನಸೂಯಮ್ಮ ಕಣ್ಣು ಬಿಟ್ಟುಕೊಂಡು ಕೇಳಿದರು.

“ಅಂಗಂದ್ರೇನು ಸಾ? ನಂಗೊಂದೂ ತಿಳೀಲಿಲ್ಲ.”

“ತಪ್ಪು ನಂದು ಅಂತ,” ಎಂದೆ. “ಕಂಪ್ಯೂಟರ್ ಕೆಡಿಸಿದ್ದು ನಾನು. ಇವ್ಳು ಮಾಡಿದ್ದು ಸರಿಯಾಗೇ ಇತ್ತು. ಅವತ್ತು ನಿಮ್ಮೆದುರಿಗೆ ಅನ್ಬಾರ್ದ ಮಾತು ಅಂದೆ.”

ಅನಸೂಯಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನ್ನ ಮರ್ಯಾದೆ ಉಳಿಸಲೆಂದೇ ಇರಬೇಕು, “ಅಯ್ಯೋ, ಗಂಡ ಎಂಡ್ತಿ ಮಾತು. ಅದ್ನ ಯಾರು ಗ್ಯಾಪ್ಕ ಮಡಿಕತಾರೆ, ಬುಡಿ ಸಾ,” ಎಂದರು.

“ನಾನು ಮಡಿಕಂಡಿದ್ದೀನಿ,” ಎಂದಳು ಪ್ರೇಮ.

ಬಸ್ಸು ಬಂತು. ನಾನು ಕೈ ಹಿಡಿದು ಹತ್ತಿಸಲು ಮುಂದಾದೆ. ಅವಳು ಆಗಲೇ ಕಂಬಿ ಹುಡುಕಿ ಹಿಡಿದುಕೊಂಡು ಹತ್ತಿದ್ದಳು.