ಯಾವೂರ ಮಹಾಬಲೇಶ್ವರ?

ಶಿರಸಿಯ ಕಣ್ಣಾಸ್ಪತ್ರೆಯೊಂದರಲ್ಲಿ ಪೊರೆ ತೆಗೆಸಿಕೊಳ್ಳುವವರ ವಿವರವೆಲ್ಲ ಅಭಿಜ್ಞಾಳ ಕಂಪ್ಯೂಟರಿನಲ್ಲಿತ್ತು. ಮನ್ಮನೆ ಊರಿನ ಕಣ್ಣು ತಪಾಸಣೆ ಶಿಬಿರದ ಎಕ್ಸೆಲ್ ಫೈಲನ್ನು ನಿನ್ನೆಯೇ ಏರಿಸಿದ್ದಳು. ಬೆಳಿಗ್ಗೆ ವಜ್ರಳ್ಳಿಯದನ್ನು ಏರಿಸುವಾಗ ಪರದೆ ಕೇಳಿತು: 'ಮಹಾಬಲೇಶ್ವರ ಹೆಗಡೆ: ಈ ಹೆಸರು ಮೊದಲೇ ಇದೆ. ಹಳೆಯದನ್ನು ಅಳಿಸಿ ಹೊಸದನ್ನು ತುಂಬಲೇ?' ಒಬ್ಬರನ್ನೇ ಎರಡು ಸಲ ಬರೆದಿದ್ದಾರೆಂದುಕೊಂಡು, ಹಳೆಯದರ ಪ್ರತಿಯನ್ನೂ ಇಟ್ಟುಕೊಳ್ಳದೆ ಹೂಂ ಒತ್ತಿಬಿಟ್ಟಳು. ಈ ಸೀಮೆಯಲ್ಲಿ ಮಹಾಬಲೇಶ್ವರ ಹೆಗಡೆ ಎಂದು ಕೂಗಿದರೆ ಅರ್ಧ ಬಸ್ಸೇ ತಿರುಗಿ ನೋಡುತ್ತದೆಂದು ಪರದೆಗೆ ಗೊತ್ತಿಲ್ಲದಿರಬಹುದು. ಇಲ್ಲೇ ಇಸಳೂರಿನ ಅಭಿಜ್ಞಾಳಿಗೆ ಗೊತ್ತಿರಬೇಕಿತ್ತು.

ಶಿಬಿರದ ಕಾಗದಗಳನ್ನು ಜೋಡಿಸುವಾಗ ಅದೇ ಹೆಸರಿನ ಎರಡು ಹಾಳೆ ಅವಳ ಕೈಗೆ ಬಂದವು. ಮನ್ಮನೆಯ ಮಹಾಬಲೇಶ್ವರರಿಗೆ ಬಲಗಣ್ಣು, ವಜ್ರಳ್ಳಿಯವರಿಗೆ ಎಡಗಣ್ಣು. ಕಂಪ್ಯೂಟರಿನಲ್ಲಿ ಉಳಿದದ್ದು ಎಡಗಣ್ಣು ಮಾತ್ರ. ಒಳಗೆ ಕರೆದದ್ದು ಯಾರನ್ನು?

ಓಡಿದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ, ಸ್ಟ್ರೆಚರ್ ಮೇಲಿದ್ದ ಮುದುಕರ ಎಡಹುಬ್ಬಿನ ಮೇಲೆ ನರ್ಸ್ ಆಗಲೇ ಶಾಯಿಯ ಗುರುತು ಹಾಕಿದ್ದಳು.

"ತಡೀರಿ ಸಿಸ್ಟರ್! ಅಜ್ಜಾ, ಯಾವೂರಾತು?"

"ಮನ್ಮನೆ," ಎಂದರು ಮಹಾಬಲೇಶ್ವರ ಹೆಗಡೆ. ಅಭಿಜ್ಞಾ ಶಾಯಿ ಒರೆಸತೊಡಗಿದಳು.

"ಊಟಕ್ಕೆ ಬಗಲಿಗೆ ಕುಂತವನೂ ಮದ್ಲು ಅದ್ನೇ ಕೇಳ್ತ," ಎಂದರು ಅವರು. "ಇಲ್ಲಿ ಎಂತಕ್ಕೆ ಒಬ್ರೂ ಕೇಳಿದ್ವಿಲ್ಲೆ ತಂಗಿ?"